ಹಕ್ಕಲಿನ ಹೂವು, ಅಕ್ಕನ ಹಠ

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಹಿಂದಿನ ಹಕ್ಕಲನ್ನು ಯಾರಾದರೂ ಪಾಳು ಅಂದರೆ ಅವರ ಜೊತೆ ಟೂ ಬಿಡುತ್ತಿದ್ದೆ. ಈಗಲೂ ಬಿಡುತ್ತೇನೆ, ಮಕ್ಕಳೇ. ಹಕ್ಕಲು ಅಂದರೆ ನಮ್ಮ ಬೈಂದೂರಿನ ಕಡೆ ಕೆಂಪು ಮುರಕಲ್ಲಿನ ಹಾಸಿನ ಮೇಲೆ ಹುಲ್ಲು ಬೆಳೆಯುವ ಬಯಲು. ಬೇಸಗೆಯಲ್ಲಿ ಅಲ್ಲಿ ಕಾಲಿಟ್ಟರೆ ಅಂಗಾಲು ಸುಡುತ್ತಿತ್ತು. ಮಳೆ ಹಿಡಿಯಿತೋ, ಕಲ್ಲಿನ ಸಂದುಸಂದಿನಲ್ಲೂ ಹೂವು. ಮಳೆಗಾಲದ ಸೋಣೆ ತಿಂಗಳಲ್ಲಿ ಹೊಸ್ತಿಲ ಪೂಜೆಗೆ ಹೂ ಕೊಯ್ಯಲು ನಾನೂ ಅಕ್ಕನೂ ದಿನಾ ಬೆಳಿಗ್ಗೆ ಅಲ್ಲಿಗೇ ಓಡುತ್ತಿದ್ದೆವು.

ಅಕ್ಕ ಆಗ ಕುಂದಾಪುರದಲ್ಲಿ ಕಾಲೇಜು ಓದುತ್ತಿದ್ದಳು. ದೂರದ ವಿಶ್ವವಿದ್ಯಾಲಯದವರು ಒಣಗಿಸಿದ ಗಿಡಗಳನ್ನು ದಪ್ಪ ಕಾಗದಕ್ಕೆ ಹೊಲಿದು, ಹೆಸರು, ಊರು ಬರೆದು ಕಪಾಟಿನಲ್ಲಿ ಕಾಪಾಡುತ್ತಾರಂತೆ. ಕರಾವಳಿಯ ಹುಲ್ಲುಗಾವಲಿನ ಗಿಡ ಅವರಲ್ಲಿ ಬಹಳ ಕಡಿಮೆಯಂತೆ. ಅಲ್ಲಿನ ಮೇಷ್ಟ್ರೊಬ್ಬರು ಕಾಲೇಜಿಗೆ ಬರುವವರಿದ್ದರು. ನಮ್ಮ ಹಕ್ಕಲಿನ ಗಿಡವೂ ಆ ಕಪಾಟು ಸೇರಲೇಬೇಕು ಎಂದು ಅಕ್ಕ ಪಟ್ಟು ಹಿಡಿದಳು.

ಬೇರುಸಹಿತ ಗಿಡ ಕಿತ್ತು, ಪೇಪರಿನ ನಡುವೆ ಹರಡಿ, ಮೇಲೆ ಕಲ್ಲು ಹೇರಿದೆವು. ಆದರೆ ಆ ಮಳೆಯಲ್ಲಿ ಒಣಗಲು ಬಿಸಿಲೆಲ್ಲಿ? ಮನೆಯಲ್ಲಿ ಬೆಚ್ಚಗಿದ್ದ ಜಾಗ ಒಂದೇ, ಒಲೆಯ ಮೇಲಿನ ಅಟ್ಟ. ಮೀನು ಮಾರುತ್ತಿದ್ದ ನಮ್ಮಮ್ಮ ಮಳೆಗಾಲಕ್ಕೆಂದು ಕೂಡಿಟ್ಟ ಒಣಮೀನು ಅಲ್ಲಿತ್ತು. ಅದರ ಪಕ್ಕದಲ್ಲೇ ಗಿಡದ ಕಟ್ಟು ಇಟ್ಟೆವು. ಅದೇ ಗಾಳಿಯಲ್ಲಿ ಬೆಳೆದ ನಮ್ಮ ಮೂಗಿಗೆ ಏನೂ ತಿಳಿಯಲಿಲ್ಲ.

ಮೇಷ್ಟ್ರು ಬರುವ ದಿನ ನಾನೂ ಅಕ್ಕನ ಜೊತೆ ಬಸ್ಸು ಹತ್ತಿದೆ. ಕಾಲೇಜಿನಲ್ಲಿ ಮೇಷ್ಟ್ರು ಕಟ್ಟು ಬಿಚ್ಚಿದವರೇ ಮೂಗು ಮುಚ್ಚಿದರು. “ಇದೇನಮ್ಮ, ಬಂಗುಡೆ ತಂದಿದ್ದೀಯಾ?” ಎಲ್ಲರೂ ನಕ್ಕರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. “ತೆಗೆದುಕೊಂಡು ಹೋಗು. ಬೇಸಗೆಯಲ್ಲಿ ಬೇರೆ ಒಣಗಿಸಿ ತಾ” ಎಂದರು ಮೇಷ್ಟ್ರು.

ಅಕ್ಕ ಕಟ್ಟು ಮುಟ್ಟಲಿಲ್ಲ. “ಬೇಸ್ಗೆಗೆ ಅಲ್ಲಿ ಕಲ್ ಬಿಟ್ರೆ ಎಂತದೂ ಇಲ್ಲ ಸರ್. ಈ ಹೂ ಬಪ್ದೇ ಮಳೆಗಾಲ್ದಗೆ. ಮಳೆಗಾಲ್ದಗೆ ನಮ್ಮನಿಯಗೆ ಒಣ್ಗುದ್ ಮೀನಿನ ಅಟ್ಟದಗೆ ಮಾತ್ರ. ನೀವ್ ಮೂಗ್ ಮುಚ್ಕಣಿ, ಕಣ್ ಮುಚ್ಬೇಡಿ” ಎಂದಳು.

ಮೇಷ್ಟ್ರು ಕನ್ನಡಕ ಏರಿಸಿ ಒಂದು ಹಾಳೆ ಎತ್ತಿದರು, ಆಮೇಲೆ ಇನ್ನೊಂದು. ಮೆಂತೆಕಾಳಿನಷ್ಟು ಪುಟ್ಟ ನೀಲಿ ಹೂವನ್ನು ಭೂತಗನ್ನಡಿಯಲ್ಲಿ ನೋಡುತ್ತಾ ಬಹಳ ಹೊತ್ತು ಕುಳಿತರು. “ಇದು ನಮ್ಮಲ್ಲಿಲ್ಲ” ಎಂದವರೇ ಚೀಟಿ ಬರೆಯತೊಡಗಿದರು. ಸಿಕ್ಕಿದ ಜಾಗ ಎಂಬಲ್ಲಿ ‘ಪಾಳುಭೂಮಿ’ ಎಂದು ಬರೆದರು. ನನ್ನಿಂದ ತಡೆಯಲಾಗಲಿಲ್ಲ. “ಹ್ವಾಯ್, ಪಾಳಲ್ಲ ಅದ್! ನಮ್ ಹಕ್ಲ್!” ಎಂದು ಕೂಗಿಯೇಬಿಟ್ಟೆ. ಅಕ್ಕ ನನ್ನನ್ನು ಗದರಲಿಲ್ಲ. ಮೇಷ್ಟ್ರು ಬರೆದದ್ದನ್ನು ಹೊಡೆದುಹಾಕಿ, ಪೆನ್ನನ್ನು ಅಕ್ಕನ ಕೈಗೆ ಕೊಟ್ಟರು. ಅವಳು ದುಂಡಗೆ ಬರೆದಳು: ಹಕ್ಕಲು, ದನ ಮೇಯುವ ಜಾಗ, ಹೂ ಕೊಯ್ಯುವ ಜಾಗ.

ಈಗ ನೀವು ಫೋನು ಹಿಡಿದರೆ ಸಾಕು, ಅದು ಹೂವಿನ ಹೆಸರು ಹೇಳುತ್ತದೆ. ನಮಗೆ ಆ ಸುಖ ಇರಲಿಲ್ಲ. ಆದರೆ ನಮಗೆ ಇಡೀ ಹಕ್ಕಲಿತ್ತು. ನಿಮ್ಮ ಕಾಲಕ್ಕೆ ಅದರಲ್ಲಿ ಅರ್ಧ ಕಲ್ಲುಕೋರೆಯಾಗಿದೆ. ಮೊನ್ನೆ ಉಳಿದರ್ಧವನ್ನೂ ಕೋರೆಗೆಂದು ಅಳೆಯಲು ಬಂದವರು, “ಇಲ್ಲೆಂತ ಇತ್ತ್ ಅಜ್ಜಿ, ಬರೀ ಹುಲ್ಲ್” ಅಂದರು. ವಿಶ್ವವಿದ್ಯಾಲಯದಿಂದ ಅಕ್ಕನ ಆ ಹಾಳೆಗಳ ಫೋಟೊ ತರಿಸಿಕೊಂಡಿದ್ದೇನೆ. ನಾಡಿದ್ದು ಇದನ್ನು ತೀರ್ಮಾನಿಸುವ ಪಂಚಾಯಿತಿ ಸಭೆಗೆ ಅವನ್ನು ಹಿಡಿದುಕೊಂಡು ಹೋಗುತ್ತೇನೆ. ನೀವೂ ಬನ್ನಿ, ಈ ಮಳೆಗಾಲದಲ್ಲಿ ತೆಗೆದ ಹೂವಿನ ಫೋಟೊಗಳನ್ನೆಲ್ಲ ತನ್ನಿ. ಅವರು ನಕ್ಕರೆ ನಗಲಿ, ನಾವು ಎದ್ದು ಬರುವುದಿಲ್ಲ.