ಎಂಟನೇ ಕಿಲೋಮೀಟರಿನ ಎಳನೀರು

ನೋಂದಣಿಗೆ ಐನೂರು, ಶೂಗೆ ಮೂರು ಸಾವಿರದ ಇನ್ನೂರು. ಮೂರು ತಿಂಗಳ ಮುಂಜಾನೆ ನಿದ್ದೆಗೆ ಬೆಲೆ ಕಟ್ಟಿಲ್ಲ. ಇಷ್ಟು ಬಂಡವಾಳ ಹಾಕಿ ಇವತ್ತು ತಿಪಟೂರಿನ ಹತ್ತು ಕಿಲೋಮೀಟರ್ ಓಟಕ್ಕೆ ಇಳಿದೆ, ಸ್ನೇಹಿತರೇ. ಐವತ್ತು ದಾಟಿದವರು ನಾವು ನಾಲ್ಕೇ ಜನ, ಪದಕ ಮೂರು. ಎಂಟನೇ ಕಿಲೋಮೀಟರಿನಲ್ಲಿ ನಾನು ಮೂರನೆಯವನು. ನಾಲ್ಕನೆಯವರು, ನಿವೃತ್ತ ಡ್ರಿಲ್ ಮೇಷ್ಟ್ರು, ನೂರು ಮಾರು ಹಿಂದಿದ್ದರು.

ಅಲ್ಲೇ ನನ್ನ ಮಗಳ ಮಾವನ ತೋಟ. ಕೆತ್ತಿದ ಎಳನೀರು ಹಿಡಿದು ರಸ್ತೆಗೇ ಬಂದು ನಿಂತಿದ್ದರು.

"ಬೀಗ್ರೇ, ನಮ್ ತೋಟದ್ ಮುಂದೆ ಬಾಯಿ ಒಣಗುಸ್ಕಂಡ್ ಹೋಯ್ತೀರಾ? ಕುಡೀರಿ."

ಬೀಗರ ಎಳನೀರು ಬೇಡ ಅಂದರೆ ಮಾತು ಮಗಳಿಗೆ ಬರುತ್ತದೆ. ಗಟಗಟ ಕುಡಿದು "ಬತ್ತೀನಿ" ಅಂದೆ. ಅವರು ಬುರುಡೆ ಇಸಿದುಕೊಂಡು ಮಚ್ಚಿನಿಂದ ಸೀಳಿದರು; ಒಳಗೆ ಬೆಳ್ಳನೆಯ ಎಳೆ ತಿರುಳು.

"ಗಂಜಿ ಬುಟ್ಟು ಎಲ್ಗೋಯ್ತೀರಿ? ಯಾರ್ ಅಟ್ಟುಸ್ಕಂಡ್ ಬತ್ತಾವ್ರೆ?"

"ಮೇಷ್ಟ್ರು ಬತ್ತಾವ್ರೆ ಕಣ್ರೀ."

"ಅವ್ರ್ಗೂ ಕೊಡನ ಬುಡಿ" ಎಂದು ಅವರನ್ನೂ ಕೂಗಿದರು. ನನಗೆ ಹೋದ ಜೀವ ಬಂತು. ಮೇಷ್ಟ್ರು ಓಡುತ್ತಲೇ ಕೈಮುಗಿದು, "ಶುಗರ್ ಐತೆ ಕಣ್ರೀ" ಅಂದು ದಾಟಿಯೇಬಿಟ್ಟರು.

ನಾನು ಓಟ ಮುಗಿಸುವ ಹೊತ್ತಿಗೆ ಅವರು ಕೊರಳಲ್ಲಿ ಪದಕ ಹಾಕಿಕೊಂಡು ಎರಡನೇ ಸಲ ಕೇಸರಿಬಾತ್ ಹಾಕಿಸಿಕೊಳ್ಳುತ್ತಿದ್ದರು.

ಒಟ್ಟು ಲೆಕ್ಕ: ಬೀಗರಿಗೆ ಉಪಚಾರ ಮಾಡಿದ ಹೆಸರು. ಮೇಷ್ಟ್ರಿಗೆ ಪದಕ, ಕೇಸರಿಬಾತ್. ನನಗೆ ಒಂದು ಎಳನೀರು, ಗಂಜಿ ಸಮೇತ.