ಒಂಬತ್ತು ಗಂಟೆಯವರೆಗೆ ಸದ್ದಿಲ್ಲ

ಹೆಸರು ಮೆಲ್ಲಮ್ಮ. ಹೆತ್ತವರು ಇಟ್ಟದ್ದಲ್ಲ, ನಮ್ಮ ಸಾಲುಮನೆಗಳ ಹೆಂಗಸರು ಇಟ್ಟದ್ದು. ಆದರೆ ಕೊನೆಯ ಏಳು ವರ್ಷಗಳಲ್ಲಿ ಬೇರೆ ಹೆಸರಿನಿಂದ ಆಕೆಯನ್ನು ಯಾರೂ ಕರೆಯಲಿಲ್ಲವಾದ್ದರಿಂದ ಇಲ್ಲಿಯೂ ಅದೇ ಇರಲಿ. ತೀರಿಕೊಂಡಾಗ ವಯಸ್ಸು ಇಪ್ಪತ್ತೊಂಬತ್ತು. ಗಂಡ ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಕೆಲಸಗಾರ, ನನ್ನ ಒಡಹುಟ್ಟಿದ ತಮ್ಮ. ಮಕ್ಕಳು ಇಬ್ಬರು: ಆರು ವರ್ಷದ ಹೆಣ್ಣು, ಒಂದೂವರೆ ವರ್ಷದ ಗಂಡು. ಅತ್ತೆ ಮಾವ ಇಲ್ಲ. ಒಬ್ಬಳು ಅತ್ತಿಗೆ, ಅಂದರೆ ನಾನು. ಅದೇ ಮನೆಯ ಮಹಡಿಯ ಕೋಣೆಯಲ್ಲಿ ಇದ್ದವಳು.

ನನ್ನ ತಮ್ಮ ನಸುಕಿನ ನಾಲ್ಕೂವರೆಗೆ ಕಾರ್ಖಾನೆಯಿಂದ ಬರುತ್ತಾನೆ. ಹಿತ್ತಿಲ ನಲ್ಲಿಯಲ್ಲಿ ಮೊಣಕೈವರೆಗೆ ಅಂಟಿದ ಹಿಟ್ಟು ತೊಳೆದುಕೊಂಡು ಮಲಗಿದರೆ ಏಳುವುದು ಒಂಬತ್ತಕ್ಕೆ. ಕೆಳಗಿನ ಮನೆ ಎಂದರೆ ಒಂದು ಕೋಣೆ, ಅದರ ಹಿಂದೆ ಅಡುಗೆಮನೆ, ನಡುವೆ ಸರಿಯಾಗಿ ಮುಚ್ಚದ ಒಂದು ಬಾಗಿಲು. ಮಗಳು ಹುಟ್ಟಿದ ವರ್ಷ, ಕೂಸಿನ ಅಳುವಿನಿಂದ ಮೂರು ದಿನ ರೆಪ್ಪೆ ಮುಚ್ಚದೆ ಪಾಳಿಗೆ ಹೋದವನ ಎಡಗೈ ಉಂಗುರಬೆರಳನ್ನು ಬ್ರೆಡ್ ಹೋಳು ಮಾಡುವ ಯಂತ್ರ ಅರ್ಧಕ್ಕೆ ಕತ್ತರಿಸಿತು. ಆಸ್ಪತ್ರೆಯಿಂದ ಅವನನ್ನು ಕರೆತಂದ ದಿನವೇ ಆ ಮನೆಗೆ ನಾನೊಂದು ನಿಯಮ ಮಾಡಿದೆ.

"ಇವತ್ತು ಬೆರಳು, ನಾಳೆ ಕೈ. ಅವನು ಒಂಬತ್ತು ಗಂಟೆಗೆ ಏಳೋವರೆಗೆ ಈ ಮನೇಲಿ ಸೂಜಿ ಬಿದ್ದ ಸದ್ದೂ ಕೇಳಬಾರ್ದು."

"ಕೂಸು ಅತ್ರೆ ಅತ್ತಿಗೆ?"

"ಅಳದ ಹಾಗೆ ನೋಡ್ಕೋ. ತಾಯಿ ಆದ್ಮೇಲೆ ಅದನ್ನೂ ನಾನೇ ಹೇಳ್ಕೊಡ್ಬೇಕಾ?"

ಆಕೆ ಕೇಳಿದಳು: "ಬೆಳಿಗ್ಗೆ ಹೊತ್ತು ಅವರು ಮೇಲೆ, ನಿಮ್ಮ ಕೋಣೇಲಿ ಮಲಗಿದ್ರೆ?"

"ಅದು ನಾನು ಓದೋ ಕೋಣೆ," ಎಂದೆ.

ಸುಳ್ಳಲ್ಲ. ನಾನು ಹಗಲು ಗೋದಾಮಿನಲ್ಲಿ ಚೀಟಿ ಅಂಟಿಸಿ, ಸಂಜೆ ಶಾಲೆಗೆ ಹೋಗಿ, ಬೆಳಗಿನ ಜಾವ ಓದಿ ಮೂವತ್ತಮೂರನೆಯ ವಯಸ್ಸಿನಲ್ಲಿ ಹತ್ತನೆಯ ತರಗತಿ ಮುಗಿಸಿದವಳು. ಮುಗಿದ ಮೇಲೂ ಆ ಕೋಣೆಯನ್ನು ಓದುವ ಕೋಣೆ ಎಂದೇ ಕರೆಯುತ್ತಿದ್ದೆ. ಮೆಲ್ಲಮ್ಮ ಎರಡನೆಯ ಸಲ ಕೇಳಲಿಲ್ಲ. ಕೇಳುವ ಜಾಯಮಾನ ಆಕೆಯದಲ್ಲ.

ಅಂದಿನಿಂದ ಆಕೆ ಸದ್ದನ್ನು ಬೇಟೆಯಾಡಿದಳು. ಬಾಗಿಲ ಕೀಲುಗಳಿಗೆ ಕೋಳಿಯ ಗರಿ ಅದ್ದಿ ಎಣ್ಣೆ ಹಚ್ಚಿದಳು. ಲೋಹದ ಲೋಟಗಳನ್ನು ಅಟ್ಟಕ್ಕೆ ಏರಿಸಿ ಪ್ಲಾಸ್ಟಿಕ್ ಲೋಟಗಳನ್ನು ತಂದಳು. ಪಾತ್ರೆ ಇಡುವ ಕಟ್ಟೆಯ ಮೇಲೆ ಹಳೆಯ ಕಂಬಳಿಯ ತುಂಡು ಹಾಸಿದಳು. ನೀರನ್ನು ಹಿಂದಿನ ಸಂಜೆಯೇ ತುಂಬಿಟ್ಟಳು. ಎರಡನೆಯ ಕೂಸು ಹುಟ್ಟುವ ಹೊತ್ತಿಗೆ ಆಕೆಯ ವಿದ್ಯೆ ಪಳಗಿತ್ತು: ಗಂಡುಕೂಸು ಅಳುವ ಮುನ್ನ ಎಡಮುಷ್ಟಿಯಿಂದ ಮೂಗು ಉಜ್ಜಿಕೊಳ್ಳುತ್ತದೆ ಎಂಬುದನ್ನು ಕಂಡುಕೊಂಡು, ಮುಷ್ಟಿ ಮೇಲೇರುವಾಗಲೇ ಎದೆಗೆ ಹಾಕಿಕೊಳ್ಳುತ್ತಿದ್ದಳು. ಕೂಸು ಏಳುತ್ತಿದ್ದದ್ದು ಐದಕ್ಕೆ ಕಾಲು ಗಂಟೆ ಇರುವಾಗ, ಅದರೊಂದಿಗೆ ಹುಡುಗಿಯೂ. ಅಡುಗೆಮನೆಯ ನೆಲದ ಮೇಲೆ ಮಡಿಸಿದ ರಜಾಯಿ ಹಾಸಿ ಮೂವರೂ ಒಂಬತ್ತರವರೆಗೆ ಕೂರಬೇಕು. ನಾಲ್ಕು ಗಂಟೆ ಹದಿನೈದು ನಿಮಿಷ. ಸಣ್ಣ ಮಕ್ಕಳೊಂದಿಗೆ ನಾಲ್ಕು ನಿಮಿಷ ತೆಪ್ಪಗೆ ಕೂತು ನೋಡಿದವರಿಗೆ ಅದರ ಉದ್ದ ತಿಳಿದೀತು.

ಅಷ್ಟು ಹೊತ್ತನ್ನು ಕಳೆಯಲು ತಾಯಿ ಮಗಳು ತರಕಾರಿ ಹೆಚ್ಚುವ ಹಲಗೆಯ ಮೇಲೆ ಬೆರಳತುದಿಯಿಂದ ತಟ್ಟುವ ಒಂದು ಭಾಷೆ ಕಟ್ಟಿಕೊಂಡಿದ್ದರು. ಮೂರು ತಟ್ಟು ಎಂದರೆ ಹುಡುಗಿ. ಎರಡು ಎಂದರೆ ಅವಳ ಪುಟ್ಟ ತಮ್ಮ. ಹಲಗೆಯನ್ನು ಸವರಿದರೆ ಹೌದು, ಅಂಗೈ ಒತ್ತಿದರೆ ಅಲ್ಲ. ಲೆಕ್ಕವನ್ನೂ ಹಾಗೆಯೇ ಕಲಿಸಿದಳು. ಅಮ್ಮ ತುಟಿ ಆಡಿಸಿ ಪ್ರಶ್ನೆ ಕೇಳುವುದು, ಮಗಳು ತಟ್ಟಿ ಉತ್ತರ ಹೇಳುವುದು. ಇದು ನನಗೆ ಆಮೇಲೆ ತಿಳಿದದ್ದು. ಅವರ ನೆತ್ತಿಯ ಮೇಲೆ ಎರಡು ಆಳು ಎತ್ತರದಲ್ಲಿ ಇದ್ದೂ ತಿಳಿದಿರಲಿಲ್ಲ.

ಸಾಲಿನ ಹೆಂಗಸರಿಗೆ ಅದೊಂದು ತಮಾಷೆ. ಪಕ್ಕದ ಮನೆಯ ದರ್ಜಿಯ ಹೆಂಡತಿ ನಲ್ಲಿಯ ಹತ್ತಿರ ನಿಂತು, "ಅಲ್ಲಾ, ನಿಮ್ಮನೇಲಿರೋದು ಮಕ್ಕಳೋ ಬೊಂಬೆಗಳೋ? ನಮ್ಮ ಮೂರೂ ಭೂತಗಳನ್ನ ಒಂದು ವಾರ ಬಿಟ್ಟುಹೋಗ್ತೀನಿ, ಬಾಯಿಗೆ ಬೀಗ ಹಾಕಿ ಕಳ್ಸು ಮೆಲ್ಲಮ್ಮ," ಎನ್ನುವಳು. ನನ್ನ ತಮ್ಮ ಕಾರ್ಖಾನೆಯಲ್ಲಿ, ತನ್ನ ಮಗಳು ತುಟಿ ಪಿಟಕ್ಕೆನ್ನುವುದಿಲ್ಲ ಎಂದು ಹೇಳಿಕೊಂಡು ಬೀಗುತ್ತಿದ್ದ. ನಾನೂ ಕಂಡವರ ಮುಂದೆ ಹೊಗಳಿದ್ದೇನೆ. ಹುಡುಗಿ ಒಂಬತ್ತು ಗಂಟೆಯಾದ ಮೇಲೂ, ಸಂಜೆಯಾದ ಮೇಲೂ ಬಾಯಿ ಬಿಡುತ್ತಿರಲಿಲ್ಲ. ಅದನ್ನು ನಾವು ಒಳ್ಳೆಯ ನಡತೆ ಎಂದುಕೊಂಡೆವು.

ಮೆಲ್ಲಮ್ಮನಿಗೆ ಬದುಕಿನಲ್ಲಿ ಒಂದೇ ಒಂದು ಆಸೆ ಇತ್ತು: ದೊಡ್ಡ ರಸ್ತೆಯ ಆಚೆಗಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಮಗಳಿಗೆ ಒಂದು ಜಾಗ. ಒಂದನೆಯ ತರಗತಿಗೆ ಮೂವತ್ತಾರೇ ಮಕ್ಕಳು. ಮುಖ್ಯೋಪಾಧ್ಯಾಯಿನಿ ಒಬ್ಬೊಬ್ಬರನ್ನೇ ಒಳಗೆ ಕರೆದು ಪ್ರಶ್ನೆ ಕೇಳಿ ಆರಿಸುತ್ತಿದ್ದರು. ಅರ್ಜಿ ತುಂಬಿಸಲು ಆಕೆ ನನ್ನ ಬಳಿ ಬಂದಳು. ಆಕೆಗೆ ಅಕ್ಷರ ಬರುತ್ತಿರಲಿಲ್ಲ.

"ಅವಳು ನಿಮ್ಮ ಹಾಗೆ ಆಗ್ಬೇಕು ಅತ್ತಿಗೆ. ಆದ್ರೆ ನಿಮ್ಮ ಹಾಗೆ ಮೂವತ್ತು ದಾಟಿದ ಮೇಲಲ್ಲ."

ಆಕೆ ನನಗೆ ಹೇಳಿದ ಒಂದೇ ಒಂದು ಚುಚ್ಚುಮಾತು ಅದು. ಅರ್ಜಿಯಲ್ಲಿ ಒಂದು ಅಕ್ಷರವೂ ಓರೆಯಾಗದಂತೆ ತುಂಬಿಕೊಟ್ಟೆ.

ಶಾಲೆಗೆ ಹೋಗುವ ದಾರಿಯಲ್ಲಿ ನಾನು ಹೇಳಿದೆ: "ಅಲ್ಲಿ ನೀನು ಬಾಯಿ ಬಿಡ್ಬೇಡ. ಮಾತಾಡೋದು ನನಗಿರ್ಲಿ. ಏನಾದ್ರೂ ಅಂದು ಕೆಲಸ ಕೆಡಿಸೀಯ." ಆಕೆ ಕೂಸನ್ನು ಸೊಂಟದ ಮೇಲೆ ಸರಿಪಡಿಸಿಕೊಂಡು ತಲೆಯಾಡಿಸಿದಳು.

ಬಾಗಿಲು ಕಾಯುವ ಹೆಂಗಸು ಹುಡುಗಿಯ ಕೈ ಹಿಡಿದು ಒಳಗೆ ಕರೆದೊಯ್ದು, ದೊಡ್ಡವರು ಹೊರಗೇ ಕೂರಬೇಕೆಂದಳು. ಪರದೆಯ ಆಚೆಯಿಂದ ಮುಖ್ಯೋಪಾಧ್ಯಾಯಿನಿಯ ದನಿ ಸ್ಪಷ್ಟವಾಗಿ ಕೇಳುತ್ತಿತ್ತು.

"ನಿನ್ನ ಹೆಸರೇನು ಮಗು?"

ಮೇಜಿನ ಮೇಲೆ ಮೂರು ತಟ್ಟು. ಮೆಲ್ಲಮ್ಮನ ಮುಖ ಅರಳಿತು. ಏಕೆಂದು ನನಗೆ ತಿಳಿಯಲಿಲ್ಲ.

"ಮನೇಲಿ ಎಷ್ಟು ಜನ ಇದೀರಿ?"

ಐದು ತಟ್ಟು. ಮೆಲ್ಲಮ್ಮ ನನ್ನ ಕಿವಿಗೆ ಬಾಗಿ, "ನಿಮ್ಮನ್ನೂ ಸೇರಿಸಿದ್ಲು," ಎಂದು ಪಿಸುಗುಟ್ಟಿದಳು. ಏನು ಹೇಳುತ್ತಿದ್ದಾಳೆ ಇವಳು ಎಂದುಕೊಂಡೆ.

"ಹಸೂಗೆ ಕಾಲೆಷ್ಟು?"

ನಾಲ್ಕು.

"ಈ ಪುಸ್ತಕ ಯಾವ ಬಣ್ಣ?"

ಏನೂ ಇಲ್ಲ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ, "ಮೇಜು ಕುಟ್ಟಿದ್ದು ಸಾಕು ಮಗು. ಬಾಯಿ ಬಿಟ್ಟು ಹೇಳು. ಹೆಸರೇನು?" ಮತ್ತೆ ಮೂರು ತಟ್ಟು, ಈ ಸಲ ಜೋರಾಗಿ.

ಮೆಲ್ಲಮ್ಮ ಅರ್ಧ ಎದ್ದಳು. "ಅತ್ತಿಗೆ, ಅವಳು ಸರಿಯಾಗೇ ಹೇಳ್ತಿದಾಳೆ. ನಾನು ಒಳಗೆ ಹೋಗಿ ಒಂದೇ ಒಂದು ಮಾತು ಹೇಳ್ಬರ್ಲಾ?"

ನಾನು ಆಕೆಯ ಮಣಿಕಟ್ಟು ಹಿಡಿದು ಕೂರಿಸಿದೆ. "ಸುಮ್ನೆ ಕೂತ್ಕೋ. ಮಾನ ಕಳೀಬೇಡ."

ಕೂತಳು.

ಚೀಟಿ ಬಂತು. ನಾನೇ ಓದಿ ಹೇಳಿದೆ: "ಮಗುವಿಗೆ ಮಾತು ಬಾರದು. ಹಟದ ಸ್ವಭಾವ, ಮೇಜು ಕುಟ್ಟುತ್ತದೆ. ಮುಂದಿನ ವರ್ಷ ಕೊನೆಯ ಬಾರಿ ಪರಿಶೀಲಿಸಬಹುದು." ಆಕೆ ಇನ್ನೊಮ್ಮೆ ಓದಿಸಿದಳು. ದೊಡ್ಡ ರಸ್ತೆ ದಾಟಿದ ಮೇಲೆ, ಹಲಗೆ, ತಟ್ಟು, ಎಲ್ಲವನ್ನೂ ವಿವರಿಸಿದಳು.

"ಒಂದೂ ತಪ್ಪು ಹೇಳ್ಲಿಲ್ಲ ಅತ್ತಿಗೆ. ಬಣ್ಣ ಒಂದು ಬಿಟ್ಲು. ಬಣ್ಣಕ್ಕೆ ನಾವು ತಟ್ಟು ಮಾಡ್ಕೊಂಡಿರ್ಲಿಲ್ಲ."

ಹಿಂದಿರುಗಿದರೆ ಹತ್ತು ನಿಮಿಷದ ದಾರಿ. ನಮ್ಮ ಮನೆಯ ಮಗು ಅಡುಗೆಮನೆಯ ಹಲಗೆ ತಟ್ಟಿ ಮಾತಾಡುತ್ತದೆ ಎಂದು ಆ ಓದಿದ ಹೆಂಗಸಿನ ಮುಂದೆ ಹೇಳಲು ನನಗೆ ನಾಲಗೆ ಬರಲಿಲ್ಲ. ಹಿಂದಿರುಗಲಿಲ್ಲ.

ಮರುವಾರದಿಂದ ಮೆಲ್ಲಮ್ಮ, ಗಂಡ ಮಲಗಿದ ಕೂಡಲೇ ಕೂಸನ್ನು ಎತ್ತಿಕೊಂಡು, ಹುಡುಗಿಯ ಕೈ ಹಿಡಿದು ಹಿಂಬಾಗಿಲಿನಿಂದ ಹೊರಟುಹೋಗತೊಡಗಿದಳು. ನಾನು ಮಹಡಿಯ ಕಿಟಕಿಯಿಂದ ಕಂಡು ಒಂದು ದಿನ ತಡೆದೆ.

"ಇಷ್ಟು ಹೊತ್ತಿಗೆ ಕೂಸನ್ನ ಕಟ್ಕೊಂಡು ಎಲ್ಲಿಗೆ ಸವಾರಿ? ಕಂಡವ್ರು ಏನಂದ್ಕೋತಾರೆ?"

"ಮನೇಲಿ ಮಾತಾಡೋ ಹಾಗಿಲ್ವಲ್ಲ ಅತ್ತಿಗೆ."

ಹೋಗುತ್ತಿದ್ದದ್ದು ಬಸ್ ಡಿಪೋಗೆ. ಅಲ್ಲಿ ಐದರಿಂದ ಬಸ್ಸುಗಳ ಎಂಜಿನ್ ಬಿಸಿ ಮಾಡುತ್ತಾರೆ; ನಲವತ್ತು ಬಸ್ಸು ಒಟ್ಟಿಗೆ ಗುಡುಗುವಾಗ ಎಷ್ಟು ಕಿರುಚಿದರೂ ಯಾರ ನಿದ್ರೆಯೂ ಕೆಡದು. ಉಳಿದದ್ದನ್ನು ನನಗೆ ಹೇಳಿದವನು ಅಲ್ಲಿನ ಒಬ್ಬ ಡ್ರೈವರ್; ಎಲ್ಲರೂ ಅವನನ್ನು ಮೀಸೆಯವನು ಎನ್ನುತ್ತಾರೆ.

"ಹನ್ನೊಂದು ದಿನ ನಿಮ್ಮ ಹುಡುಗಿ ಕಲ್ಲಿನ ಹಾಗೆ ನಿಂತಿತ್ತು ಅಕ್ಕಾ. ಆ ಅಮ್ಮ ಬಸ್ಸು ತೋರ್ಸಿ ತೋರ್ಸಿ ಬಣ್ಣ ಕೇಳೋರು. ಹನ್ನೆರಡನೇ ದಿನ 'ಕೆಂಪು' ಅಂತು. ನಾನು ಕಿವಿಗೆ ಕೈ ಇಟ್ಕೊಂಡು, ಏನೂ ಕೇಳಿಸ್ಲಿಲ್ಲಮ್ಮಾ ಅಂದು ಬೇಕಂತ್ಲೇ ಇನ್ನೊಂಚೂರು ಆಕ್ಸಿಲರೇಟರ್ ಒತ್ತಿದೆ. ಹುಡುಗಿಗೆ ಸಿಟ್ಟು ಬಂತು ನೋಡಿ, ಕತ್ತು ನರ ಉಬ್ಬೋ ಹಾಗೆ ಕೂಗ್ತು. ಆ ಅಮ್ಮ ನಗೋದನ್ನ ಅವತ್ತೇ ನೋಡಿದ್ದು. ಅದಕ್ಕೂ ಸದ್ದಿರ್ಲಿಲ್ಲ."

ಒಂಬತ್ತು ತಿಂಗಳು, ಒಂದು ದಿನ ತಪ್ಪಿಸದೆ. ಬಣ್ಣ, ಹೆಸರು, ವಾರಗಳು, ನೂರರವರೆಗೆ ಎಣಿಕೆ. ಆಕೆ ಡಿಪೋದ ಒಂದು ತುದಿಯಲ್ಲಿ, ಮಗಳು ಇನ್ನೊಂದು ತುದಿಯಲ್ಲಿ, ನಡುವೆ ಹೊಗೆ. ಚಳಿ ಬಂದಾಗ ಮನೆಯಲ್ಲಿದ್ದ ಒಂದು ಶಾಲು ಇಬ್ಬರು ಮಕ್ಕಳಿಗೆ ಹೊದಿಕೆಯಾಯಿತು. ಆಕೆಗೆ ಕೆಮ್ಮು ಹಿಡಿದದ್ದು ಆಗ. ಏಳಕ್ಕೆ ಮನೆಗೆ ಬಂದ ಮೇಲೆ ಆಕೆ ಟವೆಲನ್ನು ನಾಲ್ಕು ಮಡಿಕೆ ಮಾಡಿ ಬಾಯಿಗೊತ್ತಿ ಕೆಮ್ಮುತ್ತಿದ್ದಳು. ಒಂಬತ್ತರವರೆಗೆ ಸದ್ದಿಲ್ಲ. ನನ್ನ ತಮ್ಮ ಚೆನ್ನಾಗಿಯೇ ನಿದ್ರೆ ಮಾಡಿದ.

ಜ್ವರದಲ್ಲಿ ಕುಸಿದಾಗ ಆಸ್ಪತ್ರೆಗೆ ಒಯ್ದೆವು. ಎದೆಗೆ ಕೊಳವೆ ಇಟ್ಟು ಕೇಳಿದ ಡಾಕ್ಟರು ತಲೆಯೆತ್ತಿ, "ಇಷ್ಟು ದಿನ ಈ ಕೆಮ್ಮು ಮನೇಲಿ ಒಬ್ಬರಿಗೂ ಕೇಳಿಸ್ಲಿಲ್ವಾ?" ಎಂದರು. ತಮ್ಮ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

ಐದನೆಯ ದಿನ ಆಕೆ ನನ್ನನ್ನು ಹತ್ತಿರ ಕರೆದಳು. ಶಾಲೆಯ ಕರೆಗೆ ಇನ್ನು ಆರು ವಾರವಿತ್ತು.

"ಅತ್ತಿಗೆ, ಈ ಸಲ ಬಾಗಿಲ ಹೊರಗೆ ಕೂರ್ಬೇಡಿ."

ಏಳನೆಯ ದಿನ ಮಧ್ಯಾಹ್ನ ತೀರಿಕೊಂಡಳು.

ಮಕ್ಕಳನ್ನು ನೋಡಿಕೊಳ್ಳಲು ನಾನು ಕೆಳಗೆ ಬಂದೆ. ತಮ್ಮನ ಹಾಸಿಗೆ ನನ್ನ ಕೋಣೆಗೆ ಹೋಯಿತು. ಮಂಚ ಬಿಚ್ಚಿ ಏರಿಸಿ ಜೋಡಿಸುವುದಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ. ಕೆಳಗಿನ ಯಾವ ಸದ್ದೂ ಮೇಲಕ್ಕೆ ಕೇಳುವುದಿಲ್ಲ ಎಂದು ಅವನು ಮರುದಿನ ಹೇಳಿದ. ನನಗೆ ಅದು ಹೊಸ ಸುದ್ದಿಯಲ್ಲ.

ಶಾಲೆಗೆ ಹುಡುಗಿಯನ್ನು ನಾನು ಕರೆದೊಯ್ದೆ. ಬಾಗಿಲು ಕಾಯುವವಳು, "ದೊಡ್ಡವರು ಹೊರಗೆ," ಎಂದಳು. ನಾನು ಅವಳನ್ನು ದಾಟಿಕೊಂಡು ಒಳಗೆ ಹೋಗಿ ಹುಡುಗಿಯ ಹಿಂದೆ ನಿಂತೆ. ಮುಖ್ಯೋಪಾಧ್ಯಾಯಿನಿ ಹುಬ್ಬೇರಿಸಿದರು; ನಾನು ಕದಲಲಿಲ್ಲ.

ಹೆಸರು ಕೇಳಿದರು. ಹುಡುಗಿ ಎರಡು ಕಾಲೂ ಊರಿ ನಿಂತು, ನಲವತ್ತು ಬಸ್ಸುಗಳ ಆಚೆಗೆ ಕೇಳುವಂತೆ ಹೇಳಿತು. ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಗುಮಾಸ್ತೆಯ ಕೈಯಿಂದ ಪೆನ್ನು ಜಾರಿತು. ಹಸುವಿನ ಕಾಲು, ಪುಸ್ತಕದ ಬಣ್ಣ, ವಾರಗಳ ಹೆಸರು, ಎಲ್ಲಕ್ಕೂ ಅದೇ ದನಿ.

"ಇಷ್ಟು ಕೂಗೋದು ಬೇಡ ಮಗು, ನಮಗೆ ಕೇಳಿಸುತ್ತೆ. ಮನೇಲಿ ಎಷ್ಟು ಜನ ಇದೀರಿ?"

ಹುಡುಗಿ ಬಾಯಿ ತೆರೆಯಿತು, ಮುಚ್ಚಿತು. ಕೈ ಮೇಜಿನ ಮೇಲೆ ಬಂತು. ಒಂದು, ಎರಡು, ಮೂರು, ನಾಲ್ಕು. ಅಲ್ಲಿಗೆ ನಿಂತಿತು.

ಮುಖ್ಯೋಪಾಧ್ಯಾಯಿನಿ ನನ್ನತ್ತ ನೋಡಿದರು.

"ನಾಲ್ಕು ಅಂತ ಹೇಳ್ತಿದಾಳೆ," ಎಂದೆ. "ಹೋದ ವರ್ಷ ಐದು ಅಂದಿದ್ಲು. ಅದೂ ಸರಿಯಾಗೇ ಇತ್ತು."

ಜಾಗ ಸಿಕ್ಕಿತು.

ಮೆಲ್ಲಮ್ಮ ಬಿಟ್ಟುಹೋದದ್ದು ಇಷ್ಟು:

ಎಣ್ಣೆಯ ಬಾಟಲಿ ಒಂದು, ಅದರಲ್ಲಿ ಅದ್ದಿದ ಗರಿ ಸಮೇತ.

ಪ್ಲಾಸ್ಟಿಕ್ ಲೋಟಗಳು ಆರು; ಅಟ್ಟದ ಮೇಲೆ ಲೋಹದ ಲೋಟಗಳು ಆರು, ಮದುವೆಯ ಕಾಲದವು, ಹೊಸವುಗಳಂತೆ ಹೊಳೆಯುತ್ತಿರುವಂಥವು.

ಶಾಲು ಒಂದು. ಮೂರು ಸಲ ಒಗೆದೆ, ಡೀಸೆಲ್ ವಾಸನೆ ಹೋಗಿಲ್ಲ.

ಟವೆಲ್ ಒಂದು. ಅದನ್ನು ಸುಟ್ಟೆ.

ಮೊದಲ ವರ್ಷ ಶಾಲೆ ಕೊಟ್ಟ ಚೀಟಿ, ಸಕ್ಕರೆ ಡಬ್ಬಿಯ ಅಡಿಯಲ್ಲಿ. ಓದಲು ಬಾರದಿದ್ದರೂ ಇಟ್ಟುಕೊಂಡಿದ್ದಳು.

ತರಕಾರಿ ಹೆಚ್ಚುವ ಹಲಗೆ. ಒಂದು ಮೂಲೆಯಲ್ಲಿ ನುಣುಪಾಗಿ ಸವೆದದ್ದು.

ಒಂದನೆಯ ತರಗತಿಯ ಮೂರನೆಯ ಸಾಲಿನಲ್ಲಿ ಕೂರುವ ಒಬ್ಬ ಮಗಳು. ಶಾಲೆಯಲ್ಲಿ ಅವಳಿಗೆ ಮೆಲ್ಲಗೆ ಮಾತಾಡು ಎನ್ನುತ್ತಾರಂತೆ.

ಇನ್ನೂ ಒಂದು ಮಾತೂ ಆಡದ ಒಬ್ಬ ಮಗ. ಅಮ್ಮ ಬೇಕಾದಾಗ ಹಲಗೆಯ ಮೇಲೆ ಒಂದು ಸಲ ತಟ್ಟುತ್ತಾನೆ. ಒಂದು ತಟ್ಟು ಎಂದರೆ ಯಾರೆಂದು ನಾನು ಹುಡುಗಿಯನ್ನು ಕೇಳಿ ತಿಳಿದುಕೊಂಡೆ.

ಮಹಡಿಯ ಕೋಣೆಯಲ್ಲಿ ಒಂಬತ್ತರವರೆಗೆ ನಿದ್ರೆ ಮಾಡುವ ಒಬ್ಬ ಗಂಡ. ಪೂರ್ತಿ ಬೆರಳುಗಳು ಒಂಬತ್ತು, ಅರ್ಧ ಬೆರಳು ಒಂದು.

ಕೆಳಗೆ ಈಗ ಎಷ್ಟು ಬೇಕಾದರೂ ಸದ್ದು ಮಾಡಬಹುದಾದ ಒಂದು ಅಡುಗೆಮನೆ. ಮಾಡುವವರಿಲ್ಲ.