ಬೀಳುವ ಪೈಲ್ವಾನ

ನಾನು ಗೆದ್ದ ಕುಸ್ತಿಗಳಿಗಿಂತ ಸೋತ ಕುಸ್ತಿಗಳೇ ಹೆಚ್ಚು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ, ಎಲ್ಲೇ ಒಂದು ಗರಡಿಯಲ್ಲಿ ಹುಡುಗನೊಬ್ಬ ತೊಡೆ ತಟ್ಟುವಷ್ಟು ಬಲಿತ ಅಂದರೆ ಮಿಡಿಗೇಶಿಗೆ, ನನ್ನ ಮನೆಗೆ, ಹೇಳಿ ಕಳಿಸುತ್ತಿದ್ದರು. ನಾನು ಹೋಗಬೇಕು, ಹುಡುಗನ ಬೆವರಿಳಿಸಬೇಕು, ಜನ ತಣಿಯುವಷ್ಟು ಹೊತ್ತು ನಿಲ್ಲಬೇಕು, ಕೊನೆಗೆ ಇಬ್ಬರ ಮೂಳೆಯೂ ಮುರಿಯದ ಹಾಗೆ ಬೆನ್ನನ್ನು ಮಣ್ಣಿಗೆ ಕೊಟ್ಟು ಎದ್ದು ಬರಬೇಕು. ಊರವರು ನನ್ನನ್ನು ‘ಬೀಳೋ ಪೈಲ್ವಾನ’ ಅನ್ನುತ್ತಿದ್ದರು. ಅನ್ನಲಿ. ಬೀಳುವುದು ಅಷ್ಟು ಸಲೀಸಾಗಿದ್ದರೆ ಆ ಬಾಯಿಬಡುಕರೇ ಬಂದು ಬೀಳಬಹುದಿತ್ತಲ್ಲ!

ನನ್ನ ಹೆಂಡತಿಯೂ ಏನು ಕಮ್ಮಿಯವಳಲ್ಲ. ನಾನು ಲಂಗೋಟಿ ಮಡಿಸಿ ಚೀಲಕ್ಕೆ ತುಂಬುತ್ತಿದ್ದರೆ, "ಈ ಸಲ ಯಾವೂರ ಮಣ್ಣು ರುಚಿ ನೋಡಕ್ಕೆ ಒಂಟ್ರಿ?" ಅಂತ ಕೇಳುತ್ತಿದ್ದಳು. ಆ ಸಲವೂ ಕೇಳಿದಳು.

"ಶಿರಾದ್ದು ಕಣೆ. ಎಣ್ಣೆ, ಮಜ್ಜಿಗೆ, ಅರಿಶಿನ ಎಲ್ಲಾ ಹಾಕಿ ಕಲೆಸಿರ್ತಾರೆ. ನಿನ್ನ ಮುದ್ದೆಗಿಂತ ಮೆತ್ತಗಿರ್ತದೆ" ಅಂದು ಹೊಸಿಲು ದಾಟಿದೆ.

ಅದು ಯುದ್ಧದ ಕಾಲ, ದಸರಾಕ್ಕೆ ಸ್ವಲ್ಪ ದಿನ ಮುಂಚೆ. ಇದ್ದಿಲು ಹಾಕಿ ಓಡಿಸುವ ಬಸ್ಸು. ಏರು ಬಂದಾಗಲೆಲ್ಲ ನಮ್ಮನ್ನೇ ಇಳಿಸಿ ತಳ್ಳಿಸಿದ್ದರಿಂದ ಶಿರಾ ಮುಟ್ಟುವ ಹೊತ್ತಿಗೆ ನನಗೆ ಅರ್ಧ ಕುಸ್ತಿ ಆಗಿಹೋಗಿತ್ತು.

ನಮ್ಮ ಸೀಮೆಯಲ್ಲಿ ಒಂದು ಪದ್ಧತಿಯಿತ್ತು. ದಸರಾ ಕುಸ್ತಿಗೆ ಮೈಸೂರಿಗೆ ಹೋಗುವ ಹುಡುಗ ಮೊದಲು ಪಕ್ಕದ ತಾಲೂಕಿನ ಹಳೇ ಪೈಲ್ವಾನನೊಬ್ಬನನ್ನು ಊರವರ ಮುಂದೆ ಚಿತ್ ಮಾಡಬೇಕು, ಅಂದರೆ ಅವನ ಎರಡೂ ಭುಜ ಮಣ್ಣಿಗೆ ತಾಗಿಸಬೇಕು. ಸೋತರೆ ಆ ವರ್ಷ ಮೈಸೂರಿಲ್ಲ. ಆ ಹಳೇ ಪೈಲ್ವಾನ ಸಾಮಾನ್ಯವಾಗಿ ನಾನೇ.

ಮರುದಿನ ಬೆಳಿಗ್ಗೆ ಶಿರಾದ ಗರಡಿಯಲ್ಲಿ, ನನ್ನೆದುರು ಆಡಬೇಕಿದ್ದ ಹುಡುಗ ಸಾಮು ಮಾಡುವುದನ್ನು ನೋಡಿದೆ. ಒಳ್ಳೆ ಮೈಕಟ್ಟು, ಮಿಂಚಿನಂಥ ಕಾಲು. ಆದರೆ ಎದುರಿನವನ ಕಾಲಿಗೆ ನುಗ್ಗುವಾಗ ತಲೆಯನ್ನು ನೆಲ ನೋಡುವ ಹಾಗೆ ತಗ್ಗಿಸುತ್ತಿದ್ದ. ಪಾವಗಡದ ಕಡೆ ನನ್ನ ಜೊತೆಗಾರನೊಬ್ಬ ಹೀಗೇ ನುಗ್ಗಿದ್ದ. ಎದುರಾಳಿ ಅವನ ಕುತ್ತಿಗೆಯ ಮೇಲೆ ಮೈಭಾರವೆಲ್ಲ ಬಿಟ್ಟ. ಅಲ್ಲಿಂದ ಅವನಿಗೆ ಕೈಯಿಲ್ಲ, ಕಾಲಿಲ್ಲ. ನಾನು ನೋಡಲು ಹೋದರೆ ಮಂಚದಿಂದಲೇ ತೆಲುಗಿನಲ್ಲಿ "ರಾ ಅನ್ನಾ", ಬಾ ಅಣ್ಣಾ, ಅನ್ನುತ್ತಿದ್ದ, ತಾಯಿ ಬಾಯಿಗೆ ಗಂಜಿ ಹಾಕುತ್ತಿದ್ದಳು.

ಗರಡಿಯ ಗುರುವಿಗೆ ನಾವು ವಸ್ತಾದ್ ಅನ್ನುತ್ತೇವೆ. ಹುಡುಗನ ವಸ್ತಾದರ ಹತ್ತಿರ ಹೋಗಿ ಹೇಳಿದೆ: "ತಲೆ ತಗ್ಗಿಸ್ತಾನೆ ವಸ್ತಾದ್ರೆ. ಮೈಸೂರಿನೋರು ಕುತ್ತಿಗೆ ಮುರಿದ್ಬುಡ್ತಾರೆ."

"ಅರೆ ಭಾಯ್, ಅವ್ನು ನುಗ್ಗಿದ್ರೆ ಕುತ್ತಿಗೆ ಯಾರ ಕೈಗೆ ಸಿಗ್ತದೆ? ನೀನು ನಿನ್ ಕೆಲ್ಸ ನೋಡ್ಕೊ. ಮಜಾ ಬರೋವರ್ಗೂ ಆಡ್ಸು, ಆಮೇಲೆ ಬಿದ್ಬುಡು."

ಸಂಜೆ ಕೋಟೆ ಪಕ್ಕದ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ತಮಟೆ ಬಿತ್ತು. ಇಬ್ಬರೂ ಒಬ್ಬರ ಮೈಮೇಲೊಬ್ಬರು ಮಣ್ಣು ಹಾಕಿ ಕೈ ಕುಲುಕಿದೆವು. ನಾನು ಎಳೆದೆ, ಅವನು ತಪ್ಪಿಸಿಕೊಂಡ. ಅವನು ಎತ್ತಲು ಬಂದ, ನಾನು ಬೇರು ಬಿಟ್ಟವನ ಹಾಗೆ ನಿಂತೆ. ಜನ ಕೇಕೆ ಹಾಕಿದರು. ಎಲ್ಲ ಮಾಮೂಲಿನ ಹಾಗೇ ನಡೆದಿತ್ತು. ಅಷ್ಟರಲ್ಲಿ ಹುಡುಗ ತಲೆ ತಗ್ಗಿಸಿ ನನ್ನ ಕಾಲಿಗೆ ನುಗ್ಗಿದ.

ಕುತ್ತಿಗೆ ತಾನೇ ಬಂದು ನನ್ನ ಕಂಕುಳಿಗೆ ಸಿಕ್ಕಿತು. ಅವನ ಮೇಲೆ ನನ್ನ ಎದೆ ಬಿತ್ತು. ಇಲ್ಲೇ ನಾನು ಸಡಿಲ ಬಿಡಬೇಕಿತ್ತು. ಬಿಟ್ಟರೆ ಅವನು ಗೆಲ್ಲುತ್ತಾನೆ, ಇದೇ ಕುತ್ತಿಗೆ ಹೊತ್ತು ಮೈಸೂರಿಗೆ ಹೋಗುತ್ತಾನೆ. ಬಿಡದಿದ್ದರೆ?

"ತಲೆ ಎತ್ತೋ ಲೇ" ಅಂತ ಕಿವಿಯಲ್ಲಿ ಹೇಳಿದೆ. ಅವನು ನಾನು ಗೇಲಿ ಮಾಡುತ್ತಿದ್ದೇನೆ ಅಂದುಕೊಂಡು ಇನ್ನೂ ಜೋರಾಗಿ ನುಗ್ಗಿದ. ಕುತ್ತಿಗೆಯ ನರ ನನ್ನ ತೋಳಿನಡಿ ಬಿಗಿಯುವುದು ಗೊತ್ತಾಗುತ್ತಿತ್ತು. ಇನ್ನೊಂದು ಸಲ ಹೀಗೇ ತಳ್ಳಿದರೆ ಲಟಕ್ ಅನ್ನುವುದು ಗ್ಯಾರಂಟಿ. ವಸ್ತಾದರು ಆಚೆಯಿಂದ, "ಬಿಡೋ, ಬಿಡೋ!" ಅಂತ ಅರಚುತ್ತಿದ್ದರು. ನನ್ನ ಭಾರವನ್ನೆಲ್ಲ ಅವನ ಮೇಲಿಂದ ಪಕ್ಕಕ್ಕೆ ತೆಗೆದು, ಅವನನ್ನು ಮಗುವಿನ ಹಾಗೆ ಉರುಳಿಸಿ ಚಿತ್ ಮಾಡಿಬಿಟ್ಟೆ.

ಆಮೇಲೆ ಮಣ್ಣು, ಚಪ್ಪಲಿ, ಬೈಗುಳ ಎಲ್ಲ ನನ್ನ ಮೇಲೆ ಬಿದ್ದವು. "ಹುಡುಗನ ಬಾಳು ಹಾಳು ಮಾಡ್ಬುಟ್ಟೆಯಲ್ಲೋ, ಹೊಟ್ಟೆಕಿಚ್ಚಿನೋನೇ" ಅಂದರು ವಸ್ತಾದರು. ಮಣ್ಣಲ್ಲಿ ಕೂತು ಕುತ್ತಿಗೆ ನೀವಿಕೊಳ್ಳುತ್ತಿದ್ದ ಹುಡುಗನಿಗೆ ನಾನು ಇಷ್ಟೇ ಹೇಳಿದೆ: "ಎದೆ ನೋಡ್ಕೊಂಡು ನುಗ್ಗು ಕಣ್ಲಾ, ನೆಲ ನೋಡ್ಕೊಂಡಲ್ಲ."

ವರ್ಷವಿಡೀ ಯಾವ ಗರಡಿಯಿಂದಲೂ ನನಗೆ ಕರೆ ಬರಲಿಲ್ಲ. ಹೇಳಿದ ಹಾಗೆ ಬೀಳದವನನ್ನು ಯಾರು ಕರೆಯುತ್ತಾರೆ? ಮರುದಸರಾಕ್ಕೆ ಶಿರಾದಿಂದಲೇ ಆಳು ಬಂದ. ಆ ಹುಡುಗ ಹಟ ಹಿಡಿದು ಕೂತಿದ್ದನಂತೆ: "ಅದೇ ಅಣ್ಣನ್ನ ಕೆಡವಿದ್ರೆ ಮೈಸೂರು, ಇಲ್ದಿದ್ರೆ ಇಲ್ಲ."

ಈ ಸಲ ಬೀಳುವ ಮಾತೇ ಇಲ್ಲ ಅಂತ ತೀರ್ಮಾನಿಸಿಕೊಂಡು ಹೋದೆ. ಜನದ ಮೇಲೆ ನನಗೆ ಅಷ್ಟು ಸಿಟ್ಟಿತ್ತು. ತಮಟೆ ಬೀಳುತ್ತಿದ್ದಂತೆ, ಅವನು ತಲೆ ತಗ್ಗಿಸಿ ನುಗ್ಗಲಿ ಅಂತ ಆಸೆ ತೋರಿಸಲು ಕಾಲು ಮುಂದಿಟ್ಟೆ. ಹುಡುಗ ತಲೆ ತಗ್ಗಿಸಲಿಲ್ಲ. ಕಣ್ಣು ನನ್ನ ಎದೆಯ ಮೇಲೆ ನೆಟ್ಟಿತ್ತು. ಮತ್ತೆ ಕಾಲಿಟ್ಟೆ, ಮತ್ತೆ ಅದೇ. ನನಗೆ ಹೆದರಿಕೆಯೂ ಆಯಿತು, ಖುಷಿಯೂ ಆಯಿತು. ಕೊನೆಗೆ ಅವನು ಬಂದದ್ದು ಕಂಡಿತು, ಆದರೆ ತಡೆಯಲು ಆಗಲಿಲ್ಲ. ನನ್ನ ಕಾಲು ನೆಲ ಬಿಟ್ಟಿತು, ಎರಡೂ ಭುಜ ಮಣ್ಣಿಗೆ ಬಡಿದವು.

"ಬೇಕಂತ ಬಿದ್ದ!" ಅಂತ ಜನ ನಕ್ಕರು. "ನಾಟ್ಕ ಕಣ್ರಲೇ, ಅವನ ಕಸುಬೇ ಅದು." ವಸ್ತಾದರು ಕಣ್ಣು ಮಿಟುಕಿಸಿ, "ಶಾಬಾಸ್ ಭಾಯ್, ಚೆನ್ನಾಗಿ ಬಿದ್ದೆ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಹುಡುಗ ಕೈಕೊಟ್ಟು ನನ್ನನ್ನು ಎಬ್ಬಿಸಿದ. "ಅಣ್ಣಾ, ನಿಜ ಹೇಳು. ನಾನು ಕೆಡವಿದ್ನಾ, ನೀನೇ ಬಿದ್ಯಾ?"

ಈ ಅನುಮಾನ ಇಟ್ಟುಕೊಂಡು ಮೈಸೂರಿಗೆ ಹೋದರೆ ಅಂಜುತ್ತಾನೆ, ಅಂಜಿದರೆ ತಲೆ ಮತ್ತೆ ತಗ್ಗುತ್ತದೆ. ಬೇಕಂತ ಬೀಳಲಿಲ್ಲ ಅಂತ ಬಾಯಲ್ಲಿ ಹೇಳಬಹುದಿತ್ತು. ಬೀಳೋ ಪೈಲ್ವಾನನ ಬಾಯಿಮಾತನ್ನು ಯಾರು ನಂಬುತ್ತಾರೆ? ಅದನ್ನೆಲ್ಲ ಯೋಚಿಸುವಷ್ಟು ತಾಳ್ಮೆಯೂ ನನಗಿರಲಿಲ್ಲ. ಕಪಾಳಕ್ಕೆ ಒಂದು ಬಿಟ್ಟೆ.

"ನಿನ್ನ ಕೆಡವಿ ಈ ಜನದ ಬಾಯಿ ಮುಚ್ಚಿಸ್ಬೇಕು ಅಂತ ವರ್ಷವೆಲ್ಲ ಸಾಮು ಮಾಡಿದೀನಿ ಕಣ್ಲಾ ಬೇವರ್ಸಿ! ಬೇಕಂತ ಬೀಳ್ತೀನಾ ನಾನು?" ಅಂದೆ. ಅಷ್ಟು ಜನದೆದುರಿಗೆ ಕಣ್ಣಲ್ಲಿ ನೀರು ಬಂದುಬಿಟ್ಟಿತು.

ಹುಡುಗ ಕೆನ್ನೆ ಹಿಡಿದುಕೊಂಡು ನನ್ನನ್ನೇ ನೋಡಿದ. ಆಮೇಲೆ ಮಣ್ಣು ಮೆತ್ತಿದ ಮುಖದಲ್ಲಿ ಹಲ್ಲೆಲ್ಲ ಕಾಣುವ ಹಾಗೆ ನಕ್ಕ. ಅವನೊಬ್ಬ ನಂಬಿದ.